ಅಣ್ಣನಿಗೆ ಕಾಯಿಲೆ, ನನಗೆ ಅಪಾಯದ ಅಕ್ಷರ

ನನ್ನ ಮೇಜಿನ ಮೇಲೆ ಎರಡು ವಂಶವಾಹಿ ಪರೀಕ್ಷೆಯ ವರದಿಗಳಿವೆ. ಒಂದು ನನ್ನದು, ಇನ್ನೊಂದು ಅಣ್ಣನದು. ಲಾಲಾರಸದ ಮಾದರಿ ಕಳುಹಿಸಿದರೆ ಮನೆಗೇ ಬರುವಂಥ ವರದಿಗಳಿವು. ಟಿಎನ್‌ಎಫ್ ಎಂಬ ರೋಗನಿರೋಧಕ ವಂಶವಾಹಿಯ ಮೈನಸ್ 308ನೆಯ ಸ್ಥಾನದಲ್ಲಿ, ಅಂದರೆ ವಂಶವಾಹಿ ಆರಂಭವಾಗುವುದಕ್ಕೆ 308 ಅಕ್ಷರಗಳ ಮುಂಚೆ, ತಂದೆಯಿಂದಲೂ ತಾಯಿಯಿಂದಲೂ ನನಗೆ ಡಿಎನ್‌ಎಯ ‘ಎ’ ಅಕ್ಷರ ಬಂದಿದೆ, ಆದ್ದರಿಂದ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನ ಅಪಾಯ ಹೆಚ್ಚು ಎನ್ನುತ್ತದೆ ನನ್ನ ವರದಿ. ಅಣ್ಣನಿಗೆ ಇಬ್ಬರಿಂದಲೂ ಬಂದಿರುವುದು ‘ಜಿ’. ಅವನ ಅಪಾಯ ಸಾಮಾನ್ಯವಂತೆ. ಆದರೆ ಆರು ವರ್ಷಗಳ ಹಿಂದೆ ಕುತ್ತಿಗೆಯಲ್ಲಿ ನೋವಿಲ್ಲದ ಗಡ್ಡೆ ಕಾಣಿಸಿಕೊಂಡು, ಬಯಾಪ್ಸಿಯಲ್ಲಿ ‘ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ’ ಎಂದು ಗೊತ್ತಾಗಿ, ಕೀಮೋಥೆರಪಿ ಪಡೆದು ಗುಣವಾದವನು ಅಣ್ಣ. “ಕಾಯಿಲೆಯನ್ನು ನನಗೆ ಕೊಟ್ಟು ಅಪಾಯವನ್ನು ನಿನ್ನ ಹೆಸರಿಗೆ ಬರೆದಿದ್ದಾರಲ್ಲೋ” ಎಂದು ಅವನು ನಕ್ಕ. ಎರಡು ವರದಿಗಳಲ್ಲಿ ಯಾವುದೂ ತಪ್ಪಾಗಿರಬೇಕಿಲ್ಲ. ಅದು ಹೇಗೆ ಎಂಬುದನ್ನು ತಿಳಿದುಕೊಳ್ಳಲು ನನಗೆ ಕೆಲವು ತಿಂಗಳ ಓದು ಬೇಕಾಯಿತು.

ರೋಗದಿಂದ ಕಾಯುವ ವಂಶವಾಹಿಗೂ ಕ್ಯಾನ್ಸರಿಗೂ ಏನು ನಂಟು ಎಂಬ ಪ್ರಶ್ನೆಗೆ ಉತ್ತರ, ಪ್ರತಿಕಾಯಗಳನ್ನು ತಯಾರಿಸುವ ಬಿಳಿ ರಕ್ತಕಣಗಳಾದ ಬಿ ಕೋಶಗಳ ಕಸುಬಿನಲ್ಲೇ ಇದೆ. ಸೋಂಕು ತಗುಲಿದಾಗ ಈ ಕೋಶಗಳು ದುಗ್ಧಗ್ರಂಥಿಗಳಲ್ಲಿ ಗುಂಪುಗೂಡಿ, ಬಹಳ ವೇಗವಾಗಿ ವಿಭಜನೆಗೊಳ್ಳುತ್ತ, ಇನ್ನೂ ಚೆನ್ನಾಗಿ ಹಿಡಿತ ಸಾಧಿಸುವ ಪ್ರತಿಕಾಯಕ್ಕಾಗಿ ತಮ್ಮದೇ ಡಿಎನ್‌ಎಯನ್ನು ಬೇಕೆಂದೇ ಕತ್ತರಿಸಿ ತಿದ್ದಿಕೊಳ್ಳುತ್ತವೆ. ‘ಎಐಡಿ’ ಎಂಬ ಕಿಣ್ವ ಈ ತಿದ್ದುಪಡಿಯನ್ನು ಆರಂಭಿಸುತ್ತದೆ. ದೇಹದ ಬೇರೆ ಕೋಶಗಳು ಜೋಪಾನ ಮಾಡುವ ಡಿಎನ್‌ಎಯ ಮೇಲೆ ಬಿ ಕೋಶ ತಾನೇ ಕತ್ತರಿ ಆಡಿಸುತ್ತದೆ ಎಂಬುದನ್ನು ಮೊದಲು ಓದಿದಾಗ ನನಗೆ ನಂಬಲಾಗಲಿಲ್ಲ. ಕತ್ತರಿ ಒಮ್ಮೊಮ್ಮೆ ತಪ್ಪು ಜಾಗದಲ್ಲಿ ಬೀಳುತ್ತದೆ. ತುಂಡಾದ ವರ್ಣತಂತು ಬೇರೊಂದರ ತುಂಡಿಗೆ ಅಂಟಿಕೊಂಡು ಕೋಶದ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಎಂವೈಸಿ, ಬಿಸಿಎಲ್6 ಮೊದಲಾದ ವಂಶವಾಹಿಗಳು ಅಂಕೆ ತಪ್ಪುತ್ತವೆ. ಹೀಗಿರುವಾಗ ಬಿ ಕೋಶಗಳನ್ನು ಎಷ್ಟು ಕಾಲ, ಎಷ್ಟು ಬಲವಾಗಿ ಪ್ರಚೋದಿಸಲಾಗುತ್ತದೆ ಎಂಬುದು ಮುಖ್ಯವಾಗುತ್ತದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜಠರದಲ್ಲಿ ವರ್ಷಗಟ್ಟಲೆ ಉರಿಯೂತ ಉಂಟುಮಾಡಿ ಒಂದು ಬಗೆಯ ಲಿಂಫೋಮಾಕ್ಕೆ ಕಾರಣವಾಗುತ್ತದೆ. ಬ್ಯಾಕ್ಟೀರಿಯಾವನ್ನು ಆ್ಯಂಟಿಬಯಾಟಿಕ್ ಕೊಟ್ಟು ತೊಲಗಿಸಿದರೆ ಎಷ್ಟೋ ರೋಗಿಗಳಲ್ಲಿ ಗಡ್ಡೆಯೇ ಕರಗುತ್ತದೆ. ಟಿಎನ್‌ಎಫ್ ಇಂಥ ಉರಿಯೂತದ ಪ್ರಮುಖ ಸಂದೇಶವಾಹಕ. ಅದರ ಉತ್ಪಾದನೆಯ ಮಟ್ಟವನ್ನು ಹುಟ್ಟಿನಿಂದ ಬಂದ ಒಂದು ಅಕ್ಷರ ಏರಿಸುವುದಾದರೆ ಲಿಂಫೋಮಾದ ಅಪಾಯವೂ ಏರಬೇಕಲ್ಲವೇ ಎಂಬ ತರ್ಕದಿಂದಲೇ ಸಂಶೋಧಕರು ಹೊರಟದ್ದು.

ನನ್ನ ವರದಿಯ ಆ ಸಾಲಿನ ಮೂಲ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. ಇಂಟರ್‌ಲಿಂಫ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಒಕ್ಕೂಟವು ಹಲವು ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ, ನಾನ್ ಹಾಜ್‌ಕಿನ್ ಲಿಂಫೋಮಾ (ಅಣ್ಣನ ಬಗೆಯೂ ಸೇರಿರುವ ದೊಡ್ಡ ಗುಂಪು) ಬಂದ 3,586 ಮಂದಿಯನ್ನು ಕಾಯಿಲೆಯಿಲ್ಲದ 4,018 ಮಂದಿಯೊಂದಿಗೆ ಹೋಲಿಸಿತು. ಅಣ್ಣನಿಗೆ ಬಂದ ಬಗೆಯ ಲಿಂಫೋಮಾದಲ್ಲಿ ಒಂದು ‘ಎ’ ಇದ್ದವರ ಅಪಾಯ ಸುಮಾರು 1.29 ಪಟ್ಟು, ಎರಡು ‘ಎ’ ಇದ್ದವರ ಅಪಾಯ ಸುಮಾರು 1.65 ಪಟ್ಟು ಎಂದು ಕಂಡುಬಂತು. ಐಎಲ್10 ಎಂಬ ಇನ್ನೊಂದು ರೋಗನಿರೋಧಕ ವಂಶವಾಹಿಯ ಒಂದು ರೂಪಭೇದದಲ್ಲೂ ಇಂಥದೇ ನಂಟು ಗೋಚರಿಸಿತು.

ಪಟ್ಟುಗಳ ಲೆಕ್ಕ ಮನಸ್ಸನ್ನು ಸುಲಭವಾಗಿ ಹೆದರಿಸುತ್ತದೆ. ಜೀವಮಾನದಲ್ಲಿ ಸಾವಿರದಲ್ಲಿ 6 ಮಂದಿಗೆ ಈ ಕಾಯಿಲೆ ಬರುತ್ತದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಹಾಗಿದ್ದರೆ ನನ್ನಂತೆ ಎರಡು ‘ಎ’ ಇರುವ ಸಾವಿರ ಮಂದಿಯಲ್ಲಿ ಸುಮಾರು 10 ಮಂದಿಗೆ ಬರುತ್ತದೆ, ಉಳಿದ 990 ಮಂದಿಗೆ ಬರುವುದಿಲ್ಲ. ಅಣ್ಣನಂತೆ ಎರಡು ‘ಜಿ’ ಇರುವವರಲ್ಲೂ ಸುಮಾರು ಆರು ಮಂದಿಗೆ ಬಂದೇ ಬರುತ್ತದೆ. ಅಣ್ಣ ಆ ಆರರಲ್ಲಿ ಒಬ್ಬ. ತಂದೆ ತಾಯಿ ಇಬ್ಬರಲ್ಲೂ ಒಂದು ‘ಜಿ’ ಮತ್ತು ಒಂದು ‘ಎ’ ಇದ್ದಿರಬೇಕು, ನಾವಿಬ್ಬರು ಬೇರೆ ಬೇರೆ ಜೋಡಿಗಳನ್ನು ಎತ್ತಿಕೊಂಡಿದ್ದೇವೆ, ಅಷ್ಟೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ವಿಷಯ. ಟಿಎನ್‌ಎಫ್ ವಂಶವಾಹಿ ಇರುವುದು ಆರನೆಯ ವರ್ಣತಂತುವಿನಲ್ಲಿ, ಎಚ್‌ಎಲ್‌ಎ ವಂಶವಾಹಿಗಳ ದಟ್ಟಣೆಯ ನಡುವೆ. ಕೋಶದೊಳಗಿನ ಪ್ರೋಟೀನುಗಳ ತುಣುಕುಗಳನ್ನು ಮೇಲ್ಮೈಗೆ ತಂದು, ಸೋಂಕು ತಗುಲಿದ ಕೋಶಗಳನ್ನು ಗುರುತಿಸುವ ಟಿ ಕೋಶಗಳಿಗೆ ತೋರಿಸುವ ಅಣುಗಳನ್ನು ರೂಪಿಸುವುದು ಈ ಎಚ್‌ಎಲ್‌ಎ ವಂಶವಾಹಿಗಳೇ. ಆ ಪ್ರದೇಶದ ಅಕ್ಷರಗಳು ಪೀಳಿಗೆಯಿಂದ ಪೀಳಿಗೆಗೆ ಬಿಡಿಬಿಡಿಯಾಗಿ ಸಾಗುವುದಿಲ್ಲ, ಉದ್ದನೆಯ ಸರವಾಗಿ ಸಾಗುತ್ತವೆ. ಯೂರೋಪ್ ಮೂಲದವರಲ್ಲಿ ಮೈನಸ್ 308ರ ‘ಎ’ ಹಲವು ವೇಳೆ ಎ1, ಬಿ8, ಡಿಆರ್3 ಎಂಬ ಎಚ್‌ಎಲ್‌ಎ ರೂಪಗಳ ಜೊತೆಗೇ ಬರುತ್ತದೆ, ಮತ್ತು ಅದೇ ಸರ, ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಹಲವು ಸ್ವನಿರೋಧಕ ಕಾಯಿಲೆಗಳಲ್ಲೂ ಗುರುತಿಸಲ್ಪಟ್ಟಿದೆ. ಅಪಾಯವನ್ನು ತಂದದ್ದು ಟಿಎನ್‌ಎಫ್‌ನ ಅಕ್ಷರವೋ, ಅದರ ನೆರೆಯ ಎಚ್‌ಎಲ್‌ಎಯೋ ಎಂಬುದನ್ನು ಆ ಅಕ್ಷರವೊಂದನ್ನೇ ನೋಡಿ ತೀರ್ಮಾನಿಸಲಾಗದು. ಇಡೀ ಜೀನೋಮನ್ನು ಜಾಲಾಡಿದ ನಂತರದ ಅಧ್ಯಯನಗಳು ನೆರೆಯವರ ಕಡೆಗೇ ಹೆಚ್ಚು ಬೆರಳು ತೋರಿಸಿವೆ. 2014ರ ಒಂದು ದೊಡ್ಡ ಅಧ್ಯಯನದಲ್ಲಿ ಅಣ್ಣನ ಬಗೆಯ ಲಿಂಫೋಮಾಕ್ಕೆ ಎಚ್‌ಎಲ್‌ಎ-ಬಿಯ ನಂಟು ಸಿಕ್ಕಿತು; ಇನ್ನೊಂದು ಬಗೆಯಾದ ಫಾಲಿಕ್ಯುಲರ್ ಲಿಂಫೋಮಾದಲ್ಲಂತೂ ಎಚ್‌ಎಲ್‌ಎ-ಡಿಆರ್ ಅಣುವಿನ ಬೀಟಾ ಸರಪಳಿಯ 11 ಮತ್ತು 13ನೆಯ ಅಮೈನೋ ಆಮ್ಲಗಳವರೆಗೆ ಹುಡುಕಾಟ ತಲುಪಿದೆ. ನನ್ನ ವರದಿ ಕೊಟ್ಟಿರುವುದು ಒಂದು ಬೀದಿಯ ವಿಳಾಸವನ್ನು. ಅದನ್ನು ಆರೋಪಿಯ ಹೆಸರು ಎಂಬಂತೆ ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದಾರೆ ಎಂಬುದೇ ನನ್ನ ಆಕ್ಷೇಪ.

ಎಚ್‌ಎಲ್‌ಎಯ ಪಾತ್ರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಣ್ಣನ ಗುಂಪಿನ ಹೊರಗಿನ ಹಾಜ್‌ಕಿನ್ ಲಿಂಫೋಮಾದಲ್ಲಿ. ಎಚ್‌ಎಲ್‌ಎಗೂ ಒಂದು ಕಾಯಿಲೆಗೂ ನಂಟಿದೆ ಎಂಬ ಮೊತ್ತಮೊದಲ ವರದಿಯನ್ನು 1967ರಲ್ಲಿ ಫ್ರಾನ್ಸಿನ ಸಂಶೋಧಕ ಅಮಿಯೆಲ್ ಪ್ರಕಟಿಸಿದ್ದೇ ಈ ಕಾಯಿಲೆಯ ಬಗ್ಗೆ. ಗಡ್ಡೆಯ ಕೋಶಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಇರುವ ಬಗೆಯ ಹಾಜ್‌ಕಿನ್ ಲಿಂಫೋಮಾ ಎಚ್‌ಎಲ್‌ಎ-ಎ01 ಎಂಬ ರೂಪ ಇದ್ದವರಲ್ಲಿ ಹೆಚ್ಚು, ಎ02 ಇದ್ದವರಲ್ಲಿ ಕಡಿಮೆ. ಎ02 ಆ ವೈರಸ್ಸಿನ ತುಣುಕುಗಳನ್ನು ಟಿ ಕೋಶಗಳಿಗೆ ಚೆನ್ನಾಗಿ ತೋರಿಸಬಲ್ಲದು ಎಂಬುದು ಇದಕ್ಕೆ ಕೊಡುವ ವಿವರಣೆ. 1995ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನವೊಂದನ್ನು ನಾನು ಎರಡೆರಡು ಬಾರಿ ಓದಿದೆ. ಒಬ್ಬರಿಗಾದರೂ ಹಾಜ್‌ಕಿನ್ ಬಂದಿದ್ದ 179 ತದ್ರೂಪಿ ಅವಳಿ ಜೋಡಿಗಳಲ್ಲಿ 10 ಜೋಡಿಗಳಲ್ಲಿ ಇಬ್ಬರಿಗೂ ಬಂದಿತ್ತು; ತದ್ರೂಪಿಗಳಲ್ಲದ 187 ಜೋಡಿಗಳಲ್ಲಿ ಒಂದರಲ್ಲೂ ಹಾಗಾಗಿರಲಿಲ್ಲ. ಕಾಯಿಲೆ ಬಂದವರ ತದ್ರೂಪಿ ಅವಳಿ ಒಡಹುಟ್ಟಿದವರಿಗೆ ಅಪಾಯ ಸುಮಾರು 100 ಪಟ್ಟು. ಆದರೂ ಉಳಿದ 169 ಜೋಡಿಗಳಲ್ಲಿ, ಒಂದೇ ಡಿಎನ್‌ಎ ಹೊತ್ತ ಎರಡನೆಯವರು ಆ ಅಧ್ಯಯನದ ಹೊತ್ತಿಗೆ ಕಾಯಿಲೆಯಿಂದ ಮುಕ್ತರಾಗಿಯೇ ಇದ್ದರು.

ಇವುಗಳ ಜೊತೆ ಬೆರೆಸಬಾರದ ಇನ್ನೊಂದು ಗುಂಪಿದೆ. ಎಸ್‌ಎಚ್2ಡಿ1ಎ ಎಂಬ ಎಕ್ಸ್ ವರ್ಣತಂತುವಿನ ವಂಶವಾಹಿಯಲ್ಲಿ ದೋಷವಿರುವ ಹುಡುಗರಿಗೆ ಎಪ್‌ಸ್ಟೀನ್-ಬಾರ್ ಸೋಂಕು ಪ್ರಾಣಾಂತಿಕವಾಗಬಹುದು, ಲಿಂಫೋಮಾವೂ ಬರಬಹುದು. ಅಲ್ಲಿ ಒಂದೇ ವಂಶವಾಹಿಯ ದೋಷ ಸಾಕು, ಕುಟುಂಬದವರಿಗೆ ವಂಶವಾಹಿ ಸಲಹೆಗಾರರ ಭೇಟಿ ಅಗತ್ಯವೂ ಹೌದು. ನನ್ನ ‘ಎ’ ಆ ಜಾತಿಯದಲ್ಲ.

ಅಣ್ಣನ ವೈದ್ಯರಿಗೆ ಎರಡೂ ವರದಿಗಳನ್ನು ತೋರಿಸಿದೆ. ಅವರು ನನ್ನ ವರದಿಯನ್ನು ಮಡಚಿ ಹಿಂದಿರುಗಿಸಿ, ಅಣ್ಣನಿಗೆ ಬಂದದ್ದು ಯಾವ ಬಗೆ ಎಂಬುದನ್ನು ನಿಮ್ಮ ಕಡತದಲ್ಲಿ ಬರೆದಿಡಿ ಎಂದರು. ನಾನ್ ಹಾಜ್‌ಕಿನ್ ಲಿಂಫೋಮಾ ಬಂದವರ ಒಡಹುಟ್ಟಿದವರಿಗೆ ಮತ್ತು ಮಕ್ಕಳಿಗೆ ಅಪಾಯ ಒಂದೂವರೆಯಿಂದ ಎರಡು ಪಟ್ಟಿನವರೆಗೆ ಇರುತ್ತದೆ, ಅಂದರೆ ಆ ಎರಡು ‘ಎ’ಗಳು ಹೇಳುವಷ್ಟನ್ನು ಅಣ್ಣನೊಬ್ಬನೇ ಹೇಳುತ್ತಾನೆ. ಆರೋಗ್ಯವಾಗಿರುವ ಬಂಧುಗಳಿಗೆ ವರ್ಷವರ್ಷ ಮಾಡಿಸಬೇಕಾದ ಲಿಂಫೋಮಾ ಪರೀಕ್ಷೆ ಎಂಬುದೇನೂ ಇಲ್ಲ. ಕೆಲವು ವಾರ ಕಳೆದರೂ ಇಳಿಯದ ಗಡ್ಡೆ, ಕಾರಣ ತಿಳಿಯದ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಆರು ತಿಂಗಳಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ತೂಕ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಬನ್ನಿ ಎಂದರು. ಕಡತದಲ್ಲಿ ಈಗ ಅಣ್ಣನ ಬಯಾಪ್ಸಿ ವರದಿಯ ಪ್ರತಿ ಮೇಲಿದೆ, ನನ್ನ ಲಾಲಾರಸದ ವರದಿ ಅದರ ಕೆಳಗಿದೆ.