ಮಕ್ಕಳು ಕೂಡಿಟ್ಟ ದುಡ್ಡನ್ನು ಟೂರಿಗೆ ತಗೊಳ್ಳಬಹುದಾ?

ಮನೆ ಖರ್ಚು, ಉಳಿತಾಯ ಅಂತ ಬರೆಯಲು ಶುರು ಮಾಡಿದಾಗಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಹದಿನೈದರ ಮಗಳು ದುಡ್ಡು ಕೂಡಿಡ್ತಿದ್ದಾಳೆ. ರಜೆಗೆ ಎಲ್ಲರೂ ಟೂರ್ ಹೋಗೋಣ, ನಾನೂ ಕೊಡ್ತೀನಿ ಅಂತಾಳೆ. ತಗೊಂಡ್ರೆ ತಪ್ಪಾ?" ಇದನ್ನೇ ಕೆಲವರು ತಿರುಗಿಸಿ ಕೇಳುತ್ತಾರೆ. "ಮಗ ದೊಡ್ಡವನಾದ. ಕೈಗೆ ಬಂದಿದ್ದೆಲ್ಲ ಖಾಲಿ ಮಾಡ್ತಾನೆ. ಟೂರಿಗೆ ನಿನ್ನ ಪಾಲೂ ಹಾಕು ಅಂತ ನಾವೇ ಹೇಳಬಹುದಾ?"

ಮೊದಲನೆಯವರಿಗೆ ನನ್ನ ಉತ್ತರ: ತಗೊಳ್ಳಿ, ಆದರೆ ಟೂರ್ ಆ ದುಡ್ಡಿನ ಮೇಲೆ ನಿಲ್ಲಬಾರದು. ಎರಡನೆಯವರಿಗೆ: ಕೇಳಿ, ಆದರೆ ದುಡ್ಡು ಕೇಳಿದ ಮೇಲೆ ಅವನ ಮಾತನ್ನೂ ಕೇಳಬೇಕು. ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಟೂರಿನ ಖರ್ಚಲ್ಲಿ ಕೆಲವು ಇಲ್ಲದೆ ಮನೆಯಿಂದ ಹೊರಡಲೇ ಆಗುವುದಿಲ್ಲ. ಹೋಗಿಬರುವ ಟಿಕೆಟ್, ಉಳಿಯುವ ಜಾಗ, ಮೂರು ಹೊತ್ತಿನ ಊಟ, ಔಷಧಿ, ಆಪತ್ತಿಗೆ ಅಂತ ಎತ್ತಿಡುವ ಒಂದಿಷ್ಟು. ಇವು ಪೂರ್ತಿ ದೊಡ್ಡವರ ಲೆಕ್ಕ. ಇನ್ನು ಕೆಲವು ಇದ್ದರೆ ಚೆನ್ನ, ಇಲ್ಲದಿದ್ದರೂ ಟೂರ್ ಟೂರೇ. ದೋಣಿ ಸವಾರಿ, ಒಂದು ಶೋ, ಒಂದು ದಿನ ಬಾಡಿಗೆ ಸೈಕಲ್. ಮಕ್ಕಳ ದುಡ್ಡು ಬರಬೇಕಾದ್ದು ಈ ಕಡೆಗೆ ಮಾತ್ರ.

ಇದಕ್ಕೆ ನಾನು ಒಂದು ಸುಲಭ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹೊರಡುವ ಹಿಂದಿನ ವಾರ ಮಗಳು ಬಂದು "ನನ್ನ ಹತ್ರ ದುಡ್ಡಿಲ್ಲ" ಅಂದರೆ ಏನಾಗುತ್ತದೆ? ದೋಣಿ ಸವಾರಿ ತಪ್ಪುತ್ತದೆ ಅನ್ನುವುದಾದರೆ ಸರಿ. ಟೂರೇ ತಪ್ಪುತ್ತದೆ ಅನ್ನುವುದಾದರೆ ನೀವು ಅವಳ ಹೆಗಲಿಗೆ ನಿಮ್ಮ ಭಾರ ದಾಟಿಸಿದ್ದೀರಿ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾಮಾನ್ಯವಾಗಿ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ಎಣಿಸುತ್ತದೆ. ಅದರ 27ನೇ ವಿಧಿ ಮಕ್ಕಳ ಬದುಕಿಗೆ ಬೇಕಾದ್ದನ್ನು ಒದಗಿಸುವ ಮೊದಲ ಹೊಣೆ ಹೆತ್ತವರದು ಅನ್ನುತ್ತದೆ. 31ನೇ ವಿಧಿ ಬಿಡುವು, ಆಟ ಮಕ್ಕಳ ಹಕ್ಕು ಅನ್ನುತ್ತದೆ. ಅದರಲ್ಲಿ ಟೂರಿನ ಮಾತಿಲ್ಲ, ನಿಜ. ಆದರೆ ಯಾವುದು ಯಾರ ಹೊಣೆ ಅನ್ನುವುದು ಸ್ಪಷ್ಟವಾಗಿದೆ, ಅಲ್ವಾ?

ಮಕ್ಕಳ ದುಡ್ಡಿಗೆ ಒಂದು ಹೆಸರು ಇರಲಿ. "ಟೂರ್ ಫಂಡ್" ಅಂತ ಎಲ್ಲರದ್ದನ್ನೂ ಒಂದೇ ಡಬ್ಬಿಗೆ ಹಾಕಿದರೆ ಹುಡುಗಿಯ ಪುಡಿಗಾಸು ಅಪ್ಪನ ಸಂಬಳದಲ್ಲಿ ಕರಗಿಹೋಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ. ಹಳ್ಳದಲ್ಲಿ ತನ್ನ ಹನಿ ಯಾವುದು ಅಂತ ಗೊತ್ತಾಗದಿದ್ದರೆ ಹದಿನೈದು ವರ್ಷದವರಿಗೆ ಆಸಕ್ತಿ ಉಳಿಯುವುದಿಲ್ಲ. ದುಡ್ಡೆಲ್ಲ ಒಂದೇ ಆದರೂ ನಾವು ಅದನ್ನು ಮನಸ್ಸಿನಲ್ಲಿ ಬೇರೆ ಬೇರೆ ಖಾನೆಗಳಲ್ಲಿ ಇಟ್ಟುಕೊಳ್ಳುತ್ತೇವೆ ಅಂತ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರ ದಶಕದಲ್ಲೇ ಬರೆದಿದ್ದರು. 2017ರಲ್ಲಿ ಅವರಿಗೆ ನೊಬೆಲ್ ಬಂತು. ಬಾಡಿಗೆಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಬಟ್ಟೆ ಕೊಳ್ಳಲು ಕೈ ಬರುವುದಿಲ್ಲವಲ್ಲ, ಅದೇ.

ನಮ್ಮ ಅಕ್ಕನ ಮಗಳು ಹೀಗೆ ಹೆಸರಿಟ್ಟು ಕೂಡಿಟ್ಟಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅವಳ ಪಾಲಿಗೆ ಬಂದದ್ದು ದೋಣಿ. ಮನೆಮಂದಿಗೆಲ್ಲ ಅರ್ಧ ದಿನದ ದೋಣಿ ಸವಾರಿ. ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದಳು. ಎಡಗಡೆ ಬಂದ ದುಡ್ಡು. ಬಲಗಡೆ "ಬೇಡ ಅಂದಿದ್ದು" ಅಂತ ಒಂದು ಕಾಲಂ. ಕೊಳ್ಳಬೇಕು ಅನ್ನಿಸಿ ಬಿಟ್ಟ ವಸ್ತುಗಳ ಪಟ್ಟಿ ಅದು. ಕೆಲವದರ ಮೇಲೆ ಗೀಟು ಹೊಡೆದಿದ್ದಳು. ಅಂದರೆ ಆಮೇಲೆ ಸೋತು ಕೊಂಡಿದ್ದಳು ಅಂತ. ಸ್ವಲ್ಪ ದಿನಕ್ಕೆ ಅವಳು ಎಲ್ಲದರ ಬೆಲೆಯನ್ನೂ ದೋಣಿಯಲ್ಲೇ ಹೇಳಲು ಶುರು ಮಾಡಿದಳು. "ಆ ಇಯರ್‌ಫೋನ್ ಅರ್ಧ ದೋಣಿ." "ಈ ಶೂ ಒಂದೂಕಾಲು ದೋಣಿ, ಹೋಗ್ಲಿ ಬಿಡು." ಅವಳ ಅಪ್ಪ ಕಾರಿನ ರಿಪೇರಿ ಮುಗಿಸಿ ಬಂದಾಗ "ಎಷ್ಟು ದೋಣಿ ಆಯ್ತು?" ಅಂತ ಕೇಳಿದ್ದಳು. ಅವರು ಲೆಕ್ಕ ಹಾಕಿ ಹೇಳಿದರು. ಆ ಮನೆಯಲ್ಲಿ ಕಾರಿನ ಖರ್ಚನ್ನು ಮಕ್ಕಳ ಮುಂದೆ ಮಾತಾಡಿದ್ದು ಬಹುಶಃ ಅದೇ ಮೊದಲು.

ಕೂಡಿಡುವುದು ಆ ವಯಸ್ಸಿಗೆ ಕಷ್ಟ. ಮುಂದಿನದನ್ನು ಯೋಚಿಸಿ ಈಗಿನ ಆಸೆಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಹಾಗಾಗಿ ಆರು ತಿಂಗಳಿಗಿಂತ ದೂರದ ಗುರಿ ಇಡಬೇಡಿ ಅಂತ ಹೇಳುತ್ತೇನೆ. ದೂರದ ಟೂರ್ ಆದರೆ ಗುರಿಯನ್ನು ತುಂಡು ಮಾಡಿ. ಹತ್ತಿರ ಬಂದಷ್ಟೂ ವೇಗ ಹೆಚ್ಚುತ್ತದೆ ಅನ್ನುವುದನ್ನು ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞ 1930ರ ದಶಕದಲ್ಲಿ ಇಲಿಗಳ ಓಟದಲ್ಲಿ ತೋರಿಸಿದ್ದರು. ಊಟದ ತಟ್ಟೆ ಹತ್ತಿರವಾದಂತೆ ಇಲಿ ಜೋರಾಗಿ ಓಡುತ್ತಿತ್ತು. ಕಾಲು ಭಾಗ, ಅರ್ಧ, ಮುಕ್ಕಾಲು ಅಂತ ನಡುವೆ ನಿಲ್ದಾಣ ಇಟ್ಟರೆ ಮಕ್ಕಳಿಗೆ ತಟ್ಟೆ ಆಗಾಗ ಕಾಣುತ್ತದೆ.

"ನಮ್ಮ ಹುಡುಗನಿಗೆ ತಾಳ್ಮೆಯೇ ಇಲ್ಲ" ಅನ್ನುವ ಹೆತ್ತವರು ಜಾಸ್ತಿ. ಅವರಿಗೆ ನಾನು ಒಂದು ಪ್ರಯೋಗದ ಕಥೆ ಹೇಳುತ್ತೇನೆ. ಮಗುವಿನ ಮುಂದೆ ಒಂದು ಮಾರ್ಷ್‌ಮೆಲೋ, ಅಂದರೆ ಮೆತ್ತನೆಯ ಸಿಹಿ ಮಿಠಾಯಿ ಇಟ್ಟು, ಕಾದರೆ ಎರಡು ಕೊಡುತ್ತೇವೆ ಅನ್ನುವ ಪ್ರಯೋಗ ಎಲ್ಲರಿಗೂ ಗೊತ್ತು. ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು. ಕಾಯುವ ಮಗು ಮುಂದೆ ಬರುತ್ತದೆ ಅನ್ನುವ ಮಾತು ಅದರಿಂದಲೇ ಹಬ್ಬಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದಾಗ, ಮನೆಯ ಸ್ಥಿತಿಗತಿ ಲೆಕ್ಕಕ್ಕೆ ಹಿಡಿದರೆ ಆ ಸಂಬಂಧ ಬಹಳ ಸಣ್ಣದಾಯಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ರಾಚೆಸ್ಟರ್ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ್ದು. ಅವರ ಮುಂದಿದ್ದದ್ದು 28 ಪುಟ್ಟ ಮಕ್ಕಳು. ಮೊದಲು ಹಳೇ ಕ್ರೇಯಾನ್ ಕೊಟ್ಟು, "ತಡಿ, ಚೆನ್ನಾಗಿರೋದು ತರ್ತೀನಿ" ಅಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದ ಅರ್ಧಕ್ಕೆ ಬರಿಗೈಲಿ ಬಂದು "ಸಾರಿ, ಇಲ್ಲ" ಅಂದರು. ಸ್ಟಿಕರ್ ವಿಷಯದಲ್ಲೂ ಹೀಗೇ. ಆಮೇಲೆ ಮಾರ್ಷ್‌ಮೆಲೋ ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಸುಮಾರು 3 ನಿಮಿಷ.

ಅವು ಚಿಕ್ಕ ಮಕ್ಕಳು, ನಿಮ್ಮ ಮನೆಯಲ್ಲಿರುವುದು ಮೀಸೆ ಮೂಡುತ್ತಿರುವ ಹುಡುಗ. ಆದರೂ ಕೇಳಿಕೊಳ್ಳಿ. ಕಳೆದ ಸಲ "ರಜೆಗೆ ಹೋಗೋಣ" ಅಂದು ಎಷ್ಟು ಸಲ ಮುಂದೂಡಿದ್ದೀರಿ? ಅವನ ಡಬ್ಬಿಯಿಂದ "ನಾಳೆ ಹಾಕ್ತೀನಿ" ಅಂತ ಚಿಲ್ಲರೆ ತೆಗೆದು ಮರೆತಿದ್ದೀರಾ? ದಿನಾಂಕ ನಿಕ್ಕಿ ಮಾಡಿ, ಗೋಡೆಗೆ ಬರೆದು ಹಾಕಿ, ಆಮೇಲೆ ಅವನ ತಾಳ್ಮೆಯ ಬಗ್ಗೆ ಮಾತಾಡೋಣ. ಡಬ್ಬಿಗೆ ದೊಡ್ಡವರು ಕೈ ಹಾಕುವುದು ನನ್ನ ಪ್ರಕಾರ ಕಳ್ಳತನವೇ. ಸಾಲ ಅಂತ ಕರೆದರೂ ಅಷ್ಟೇ.

ಇನ್ನು "ಪಾಲು ಹಾಕು ಅಂತ ನಾವೇ ಕೇಳಬಹುದಾ" ಅನ್ನುವವರ ವಿಷಯ. ಇವರಲ್ಲಿ ಕೆಲವರು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪಾತ್ರೆ ತೊಳೆದರೆ ಇಷ್ಟು, ರೂಮ್ ಗುಡಿಸಿದರೆ ಇಷ್ಟು, ಅದನ್ನು ಟೂರಿಗೆ ಕೂಡಿಡು. ನನಗಿದು ಸರಿ ಕಾಣುವುದಿಲ್ಲ. ಇಸ್ರೇಲಿನ ಹೈಫಾದಲ್ಲಿ ಹತ್ತು ಡೇ ಕೇರ್‌ಗಳಲ್ಲಿ ಒಂದು ಅಧ್ಯಯನ ನಡೆದಿತ್ತು. 2000ದಲ್ಲಿ ಪ್ರಕಟವಾಯಿತು. ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ಹೆತ್ತವರಿಗೆ ಅವುಗಳಲ್ಲಿ ಕೆಲವು ದಂಡ ಹಾಕಿದವು. ತಡವಾಗಿ ಬರುವವರು ಕಡಿಮೆ ಆಗಲಿಲ್ಲ, ಹೆಚ್ಚಾದರು. ದುಡ್ಡು ಕೊಟ್ಟೆ ತಾನೆ, ಇನ್ನೇನು ಅಂತ. ದಂಡ ತೆಗೆದ ಮೇಲೂ ಹಳೇ ಅಭ್ಯಾಸ ವಾಪಸ್ ಬರಲಿಲ್ಲ. ಮನೆಗೆಲಸಕ್ಕೆ ಒಮ್ಮೆ ರೇಟು ಕಟ್ಟಿದರೆ ಟೂರ್ ಮುಗಿದ ಮರುದಿನ ಸಿಂಕಿನ ಮುಂದೆ ಯಾರು ನಿಲ್ಲುತ್ತಾರೆ ಅಂತ ಯೋಚಿಸಿ. ಮನೆಯ ಹೊರಗಿನ ಸಣ್ಣ ಕೆಲಸ, ಹಳೇ ವಸ್ತು ಮಾರುವುದು, ನೆರೆಮನೆಯ ಚಿಕ್ಕವರಿಗೆ ಪಾಠ ಹೇಳುವುದು, ಇವೆಲ್ಲ ಬೇರೆ. ಅಲ್ಲಿ ದುಡ್ಡು ಬರುವುದು ಸಹಜ. ಓದು, ನಿದ್ದೆ ಎರಡೂ ಉಳಿದರೆ ಸಾಕು.

ನೀವು ಸೇರಿಸಬೇಕು ಅಂತಿದ್ದರೆ ಸರಿಸಮ ಹಾಕಿ. ಅವನು ಹಾಕಿದಷ್ಟು ನೀವು. ಇದರಲ್ಲಿ ಕಣ್ಣಿಗೆ ಕಾಣುವ ಲಾಭ ಇದೆ. ಬ್ಯಾಂಕಿನ ಬಡ್ಡಿ ಆರು ತಿಂಗಳಿಗೆ ಮಕ್ಕಳಿಗೆ ಕಾಣುವಷ್ಟು ಬೆಳೆಯುವುದೇ ಇಲ್ಲ. ಆದರೆ ಎಲ್ಲಿವರೆಗೆ ಹಾಕುತ್ತೀರಿ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಜಾಣ ಮಕ್ಕಳು ಅಜ್ಜಿಯ ಹತ್ತಿರ ಇಸಕೊಂಡು ತಂದು ನಿಮ್ಮನ್ನು ದಿವಾಳಿ ಮಾಡುತ್ತಾರೆ. ದುಡ್ಡನ್ನು ಷೇರು ಅದು ಇದು ಅಂತ ಎಲ್ಲೂ ಹಾಕಲು ಹೋಗಬೇಡಿ. ಆರು ತಿಂಗಳಲ್ಲಿ ಬೇಕಾಗುವ ದುಡ್ಡು ಬೇಕೆಂದಾಗ ಸಿಗುವ ಕಡೆ ಇರಬೇಕು, ಮುಗಿಯಿತು.

ಅಣ್ಣ ತಮ್ಮ ಇದ್ದ ಮನೆಯಲ್ಲಿ ಯಾರು ಎಷ್ಟು ಹಾಕಿದರು ಅಂತ ಊಟದ ಹೊತ್ತಿಗೆ ಓದಿ ಹೇಳುವ ಕೆಲಸ ಬೇಡ.

ದುಡ್ಡು ಕೇಳಿದರೆ ಮಾತನ್ನೂ ಕೇಳಬೇಕು ಅಂದೆ. ಅದು ಹೇಗೆ ಅಂದರೆ, ಪಾಲು ಹಾಕಿದವರಿಗೆ ಒಂದು ತೀರ್ಮಾನ ಪೂರ್ತಿ ಬಿಟ್ಟುಕೊಡಿ. ಒಂದು ಮಧ್ಯಾಹ್ನ, ಅಥವಾ ಒಂದು ಇಡೀ ದಿನ. ಎಲ್ಲಿಗೆ, ಎಷ್ಟೊತ್ತಿಗೆ, ಏನು ನೋಡೋದು ಎಲ್ಲ ಅವರದು. ನಿಮಗೆ ಬೋರ್ ಆದರೂ ಮುಖ ಸಿಂಡರಿಸಬಾರದು. ಇದು ದೊಡ್ಡವರಿಗೆ ದುಡ್ಡು ಕೊಡುವುದಕ್ಕಿಂತ ಕಷ್ಟ. ಅರ್ಧ ದಾರಿಯಲ್ಲಿ "ನಾನು ಹೇಳಿರ್ಲಿಲ್ವಾ" ಅನ್ನುವ ಆಸೆ ಗಂಟಲವರೆಗೆ ಬರುತ್ತದೆ. ನುಂಗಿಕೊಳ್ಳಿ. ಹಾಗಂತ ಖರ್ಚಿನ ಹತ್ತನೇ ಒಂದು ಪಾಲು ಕೊಟ್ಟವನು ಇಡೀ ಟೂರಿಗೆ ಯಜಮಾನ ಆಗುವುದೂ ಇಲ್ಲ. "ನನ್ ದುಡ್ಡು ಇದೆ, ನಾನ್ ಹೇಳಿದ್ದೇ ಆಗ್ಬೇಕು" ಅಂದರೆ, ನಿನ್ನ ಮಧ್ಯಾಹ್ನ ನಿನ್ನದು, ಉಳಿದ ದಿನ ಎಲ್ಲರದು ಅಂತ ನೇರವಾಗಿ ಹೇಳಿ.

ಕಷ್ಟದ ಪ್ರಶ್ನೆ ಬೇರೆ ಇದೆ. ಮನೆಯಲ್ಲಿ ನಿಜವಾಗಿ ದುಡ್ಡು ಇಲ್ಲದಾಗ ಏನು ಮಾಡುವುದು? ಕೆಲಸ ಹೋಗಿರುತ್ತದೆ, ಸಾಲ ಇರುತ್ತದೆ. ಮಕ್ಕಳಿಗೆ ನಾವು ಹೇಳದಿದ್ದರೂ ಗೊತ್ತಾಗಿರುತ್ತದೆ. ಆಗ ಮಗಳು ತನ್ನ ಡಬ್ಬಿಯನ್ನೇ ತಂದು ಟೇಬಲ್ ಮೇಲಿಡುತ್ತಾಳೆ. "ಇದ್ರಲ್ಲಿ ಹೋಗೋಣ." ಕಣ್ಣು ತುಂಬಿ ಬರುತ್ತದೆ, ಹೌದು. ಆದರೂ ಪೂರ್ತಿ ತಗೊಳ್ಳಬೇಡಿ ಅನ್ನುತ್ತೇನೆ. ಟೂರಿಗೆಲ್ಲ ತಾನೇ ಖರ್ಚು ಮಾಡಿದ ಮಗು ಟೂರನ್ನು ಅನುಭವಿಸುವುದಿಲ್ಲ, ಕಾವಲು ಕಾಯುತ್ತದೆ. ಅಪ್ಪ ನಕ್ಕರಾ, ಅಮ್ಮನಿಗೆ ಸುಸ್ತಾಯಿತಾ ಅಂತ ಎಲ್ಲರ ಮುಖ ನೋಡುತ್ತಾ ಇರುತ್ತದೆ. ಮಳೆ ಬಂದರೂ ತನ್ನದೇ ತಪ್ಪು ಅನ್ನುವ ಹಾಗೆ ಮಂಕಾಗುತ್ತದೆ. ಮನೆಯ ಸ್ಥಿತಿ ಏನು ಅಂತ ಅವಳಿಗೆ ನಿಜ ಹೇಳಿ. ಟೂರನ್ನು ಚಿಕ್ಕದು ಮಾಡಿ. ಹತ್ತಿರದ ಜಾಗ, ಒಂದು ರಾತ್ರಿ, ಬೇಕಾದರೆ ಬೆಳಿಗ್ಗೆ ಹೋಗಿ ಸಂಜೆ ಬರುವುದು. ಅದರಲ್ಲಿ ಅವಳಿಂದ ಒಂದು ಸಣ್ಣ ಪಾಲು ತಗೊಳ್ಳಿ. ಬೇಡವೇ ಬೇಡ ಅಂತ ಡಬ್ಬಿ ಹಿಂದಕ್ಕೆ ತಳ್ಳಿದರೂ ನೋವಾಗುತ್ತದೆ.

ಜಾಗ ಚಿಕ್ಕದಾಯಿತು ಅಂತ ಬೇಜಾರು ಬೇಡ. ನೆದರ್ಲೆಂಡ್ಸ್‌ನ 1,530 ವಯಸ್ಕರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಜೆಗೆ ಹೋಗುವವರು ಹೋಗದವರಿಗಿಂತ ಖುಷಿಯಾಗಿದ್ದದ್ದು ಹೊರಡುವ ಮೊದಲು. ವಾಪಸ್ ಬಂದ ಮೇಲೆ ತುಂಬಾ ಆರಾಮಾಗಿ ಕಳೆದವರನ್ನು ಬಿಟ್ಟರೆ ಮಿಕ್ಕವರಿಗೆ ಹೋಗದವರಿಗಿಂತ ಹೆಚ್ಚಿನ ಖುಷಿ ಉಳಿದಿರಲಿಲ್ಲ. ಆ ಲೆಕ್ಕದಲ್ಲಿ ತಿಂಗಳುಗಟ್ಟಲೆ ನೋಟ್‌ಬುಕ್ ತೆಗೆದು ನೋಡುತ್ತಾ ಕಾದ ಹುಡುಗಿಗೆ ಖುಷಿ ಎಲ್ಲರಿಗಿಂತ ಜಾಸ್ತಿ ದಿನ ಸಿಗುತ್ತದೆ, ನಮಗೆ ಟಿಕೆಟ್ ಬುಕ್ ಮಾಡುವ ತಲೆನೋವು ಸಿಗುತ್ತದೆ.

ಬುಕಿಂಗ್ ಅಂದಾಗ ನೆನಪಾಯಿತು. ಟೂರ್ ರದ್ದಾದರೆ ಮೊದಲು ವಾಪಸ್ ಆಗಬೇಕಾದ್ದು ಮಕ್ಕಳ ದುಡ್ಡು, ಅದೂ ಪೂರ್ತಿ. ಕ್ಯಾನ್ಸಲೇಷನ್ ಕಡಿತ ದೊಡ್ಡವರ ಲೆಕ್ಕಕ್ಕೆ. ರದ್ದು ಮಾಡಿದರೆ ದುಡ್ಡು ಬರುತ್ತದಾ, ಎಷ್ಟು ಬರುತ್ತದೆ ಅನ್ನುವ ಷರತ್ತನ್ನು ಅವರ ಜೊತೆಗೇ ಕೂತು ಓದಿ. ಸಣ್ಣ ಅಕ್ಷರ ಓದುವುದನ್ನು ಶಾಲೆಯಲ್ಲಿ ಕಲಿಸುವುದಿಲ್ಲ.

ಕೊನೆಗೆ ಎಲ್ಲರೂ ಕೇಳುವುದು ಇದು. "ಮುಕ್ಕಾಲು ಕೂಡಿಟ್ಟ ಮೇಲೆ ಎಲ್ಲಾ ತೆಗೆದು ಫೋನ್ ಕೊಂಡ್ಬಿಟ್ರೆ?" ಕೊಳ್ಳಲಿ. ಅವನ ದುಡ್ಡು. ಬೈಯಬೇಡಿ, ಹಂಗಿಸಬೇಡಿ. ನೀವು ಸರಿಸಮ ಹಾಕಿದ್ದನ್ನು ಮಾತ್ರ ವಾಪಸ್ ತಗೊಳ್ಳಿ, ಅದು ಟೂರಿಗೆ ಅಂತ ಇಟ್ಟದ್ದು. ಟೂರ್ ಇದ್ದ ದಿನಕ್ಕೇ ಹೊರಡಲಿ. ಅವನ ಪಾಲಿನ ದೋಣಿ ಇರುವುದಿಲ್ಲ ಅಷ್ಟೇ. ಅಯ್ಯೋ ಪಾಪ ಅಂತ ಅಲ್ಲಿ ಹೋದ ಮೇಲೆ ನಿಮ್ಮ ಜೇಬಿನಿಂದ ದೋಣಿಗೆ ಕೊಡಬೇಡಿ. ತಂಗಿ "ದೋಣಿ ಎಲ್ಲಿ?" ಅಂತ ಕೇಳಿದರೆ ಉತ್ತರ ಅವನೇ ಹೇಳಲಿ.