ವಾರ್ಡಿನ ಕಣ್ಣಲ್ಲಿ ಮೇಲ್ವಿಚಾರಕರು

ಅಮೆರಿಕದ ವಿದ್ವಾಂಸ ಬರ್ನಾರ್ಡ್ ಬಾಸ್ 1985ರಲ್ಲಿ ಮುಂದಿಟ್ಟ ನಾಯಕತ್ವದ ಸಿದ್ಧಾಂತವನ್ನು ಆಧರಿಸಿದ ಪ್ರಶ್ನಾವಳಿಯೊಂದು ಶುಶ್ರೂಷಾ ಕ್ಷೇತ್ರದ ಅಧ್ಯಯನಗಳಲ್ಲಿ ಬಹಳ ಬಳಕೆಯಲ್ಲಿದೆ. ಅದಕ್ಕೆ ಎರಡು ನಮೂನೆಗಳಿದ್ದು, ಒಂದನ್ನು ಮೇಲ್ವಿಚಾರಕರು ತಮ್ಮ ಬಗ್ಗೆ ತಾವೇ ತುಂಬುತ್ತಾರೆ, ಇನ್ನೊಂದನ್ನು ಅವರ ಕೈಕೆಳಗೆ ದುಡಿಯುವವರು ತುಂಬುತ್ತಾರೆ. ಮೇಲ್ವಿಚಾರಕರು ತಮಗೆ ಕೊಟ್ಟುಕೊಂಡ ಅಂಕಗಳು ನರ್ಸ್‌ಗಳು ಕೊಟ್ಟದ್ದಕ್ಕಿಂತ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ವಾರ್ಡಿನಲ್ಲಿ ಪಾಳಿ ಮಾಡುವ ನನಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅವರು ರೌಂಡ್ಸಿಗೆ ಬರುವುದು ಹಗಲಿನಲ್ಲಿ, ನಮಗೆ ಅವರು ಬೇಕಾಗುವುದು ಬಹುಪಾಲು ರಾತ್ರಿಯಲ್ಲಿ.

ನನ್ನ ಇನ್‌ಚಾರ್ಜ್‌ಗಳಲ್ಲಿ, ಅಂದರೆ ವಾರ್ಡಿನ ಮೇಲ್ವಿಚಾರಕರಲ್ಲಿ, ಒಬ್ಬರು ಬಹಳ ಬಿಗಿ. ತುರ್ತು ಟ್ರಾಲಿಯ ಔಷಧಗಳನ್ನು ಪ್ರತಿ ಪಾಳಿಯಲ್ಲೂ ಎಣಿಸಿ ಸಹಿ ಹಾಕದಿದ್ದರೆ ಹ್ಯಾಂಡೋವರ್ (ಮುಂದಿನ ಪಾಳಿಗೆ ಕೆಲಸ ಒಪ್ಪಿಸುವುದು) ಮುಗಿಯಿತೆಂದು ಅವರು ಒಪ್ಪುತ್ತಿರಲಿಲ್ಲ. ಆದರೆ ಸಿಬ್ಬಂದಿ ಸಾಲದ ದಿನ ತಾವೇ ಒಂದಷ್ಟು ರೋಗಿಗಳನ್ನು ವಹಿಸಿಕೊಂಡು ಡ್ರಿಪ್ ಹಾಕಲು ನಿಲ್ಲುತ್ತಿದ್ದರು. ಡ್ಯೂಟಿ ಪಟ್ಟಿಯಲ್ಲಿ ರಾತ್ರಿ ಪಾಳಿಯ ಸರದಿಯನ್ನು ಯಾರ ಮುಖ ನೋಡಿಯೂ ಬದಲಿಸುತ್ತಿರಲಿಲ್ಲ. ಇನ್ನೊಬ್ಬರು ಗದರಿದವರೇ ಅಲ್ಲ, ಆದರೆ ಯಾವ ತೊಡಕು ಹೇಳಿದರೂ “ನೀವೇ ಹೊಂದಿಸಿಕೊಳ್ಳಿ” ಎಂದು ಫೋನ್ ಇಡುತ್ತಿದ್ದರು. ಬಾಸ್ ಅವರ ವರ್ಗೀಕರಣದಲ್ಲಿ ಮೊದಲನೆಯವರು ತಪ್ಪಿನ ಮೇಲೆ ಕಣ್ಣಿಟ್ಟಿರುವ ಶೈಲಿಗೆ ಸೇರಬಹುದು, ಎರಡನೆಯವರು ಹೊಣೆಯಿಂದ ಜಾರಿಕೊಳ್ಳುವ ಶೈಲಿಗೆ. ಸ್ಫೂರ್ತಿ ತುಂಬುವ ಪರಿವರ್ತನಾ ನಾಯಕತ್ವ ಇವೆರಡಕ್ಕಿಂತಲೂ ಮೇಲು ಎನ್ನುತ್ತದೆ ಸಿದ್ಧಾಂತ. ಇರಬಹುದು, ಮಂಜೂರಾದ ರಜೆ ರದ್ದಾದ ವಾರದಲ್ಲಿ ಸ್ಫೂರ್ತಿಯ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ನಾವೆಲ್ಲ ಗೌರವಿಸಿದ್ದು ಬಿಗಿಯಾದವರನ್ನೇ.

ಅದಕ್ಕೆ ಮುಖ್ಯ ಕಾರಣ ತಪ್ಪು ನಡೆದಾಗ ಅವರು ನಡೆದುಕೊಂಡ ರೀತಿ. ಸಹೋದ್ಯೋಗಿಯೊಬ್ಬರು ಔಷಧದ ಪ್ರಮಾಣ ತಪ್ಪಿದ್ದನ್ನು ತಾವಾಗಿ ಹೇಳಿದಾಗ, ಅವರು ಮೊದಲು ವಿಚಾರಿಸಿದ್ದು ರೋಗಿಯ ಸ್ಥಿತಿಯನ್ನು. ಆಮೇಲೆ ನೋಡಲು ಒಂದೇ ಥರ ಇದ್ದ ಎರಡು ಆಂಪೂಲ್‌ಗಳನ್ನು (ಚುಚ್ಚುಮದ್ದಿನ ಪುಟ್ಟ ಸೀಸೆಗಳನ್ನು) ಬೇರೆ ಬೇರೆ ಡ್ರಾಯರಿಗೆ ಹಾಕಿಸಿ, ಘಟನಾ ವರದಿ ಬರೆಯಲು ಪಕ್ಕದಲ್ಲಿ ಕುಳಿತರು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರ್ಸ್‌ಗಳು ತಮ್ಮ ಮೇಲ್ವಿಚಾರಕರನ್ನು ಮೆಚ್ಚಿದ ಘಟಕಗಳಲ್ಲೇ ಔಷಧ ದೋಷಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ಹೆಚ್ಚು ತಪ್ಪು ನಡೆಯುತ್ತಿತ್ತೆಂದಲ್ಲ, ಹೇಳಿಕೊಳ್ಳಲು ಭಯವಿರಲಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ದೋಷಗಳ ಸಂಖ್ಯೆಯನ್ನು ಮಾತ್ರ ನೋಡುವ ಆಡಳಿತ ಇಂಥ ಇನ್‌ಚಾರ್ಜ್‌ಗೇ ನೋಟಿಸ್ ಕೊಟ್ಟೀತು.

ನರ್ಸ್‌ಗಳ ಅಭಿಪ್ರಾಯ ಕೇಳುವ ಆಸ್ಪತ್ರೆಗಳು ನಮೂನೆಗಳನ್ನು ಸಂಗ್ರಹಿಸುವ ಕೆಲಸವನ್ನು ಅದೇ ಇನ್‌ಚಾರ್ಜ್‌ಗೆ ವಹಿಸಬಾರದು. ಎಲ್ಲರ ಕೈಬರಹ ಎಲ್ಲರಿಗೂ ಗೊತ್ತಿರುವ ವಾರ್ಡಿನಲ್ಲಿ, ಹೆಸರು ಬರೆಯಬೇಕಿಲ್ಲ ಎಂದರೂ ಎಲ್ಲ ಉತ್ತರಗಳೂ “ಉತ್ತಮ” ಎಂದೇ ಬರುತ್ತವೆ.