ಹಳಿ ಕೂತಿತು, ತಂತಿ ಬಾಕಿ: ಚೆನ್ನಮ್ಮ ವೃತ್ತದ ಟ್ರಾಮ್ ಮಾದರಿ

ನಮ್ಮ ಬೆಳಗಾವಿಯಲ್ಲಿ ಟ್ರಾಮ್ ಓಡಿದರೆ ಹೇಗಿರುತ್ತದೆ ಎಂದು ನೋಡಲು ಮನೆಯಲ್ಲೇ ಒಂದು ಪುಟ್ಟ ಮಾದರಿ ಕಟ್ಟುತ್ತಿದ್ದೇನೆ. ಅದರಲ್ಲಿ ಚೆನ್ನಮ್ಮ ವೃತ್ತದ ಹಳಿ ಅಂತೂ ಕೂತಿತು. ಹಿಂದಿನ ಸಲ ಬರೇ ಪ್ಲೈವುಡ್ ಇತ್ತು, ಈಗ ರಸ್ತೆ ಬಂದಿದೆ. ಅಳತೆ 1:87. ಈ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಅಂದರೆ ಹನ್ನೊಂದೂವರೆ ಮೀಟರ್. ಅಷ್ಟುದ್ದದ ಕೋಣೆ ನಮ್ಮನೆಯಲ್ಲಿಲ್ಲ. ಹಾಗಾಗಿ ರೈಲ್ವೆ ಸ್ಟೇಷನ್ ಕಡೆಯದನ್ನು ಕೈಬಿಟ್ಟು ಬೋಗಾರವೇಸ್, ಕಾಲೇಜ್ ರಸ್ತೆಯ ಒಂದು ತುಂಡು, ಚೆನ್ನಮ್ಮ ವೃತ್ತ ಇಷ್ಟನ್ನೇ ಇಟ್ಟುಕೊಂಡಿದ್ದೇನೆ.

ತಿರುವು ಸಲೀಸಾಯಿತು. 25 ಮೀಟರ್ ತ್ರಿಜ್ಯದಲ್ಲಿ ಟ್ರಾಮ್ ಆರಾಮಾಗಿ ಹೊರಳುತ್ತದೆ, ಮಾದರಿಯಲ್ಲಿ ಅದು 29 ಸೆಂ.ಮೀ. ಫ್ಲೆಕ್ಸಿ ಹಳಿಯನ್ನು, ಅಂದರೆ ಬೇಕಾದಂತೆ ಬಾಗುವ ಮಾದರಿ ಹಳಿಯನ್ನು, ಕೈಯಲ್ಲೇ ಬಗ್ಗಿಸಿದೆ. ಹೆಣಗಿಸಿದ್ದು ಹಳಿಯ ಸಂದು. ಟ್ರಾಮ್ ಹಳಿ ರಸ್ತೆಯ ಮಟ್ಟಕ್ಕೇ ಹುದುಗಿರುತ್ತದೆ, ಗಾಲಿಯ ಅಂಚು ಓಡಲು ಸುಮಾರು ನಾಲ್ಕು ಸೆಂ.ಮೀ. ಸಂದು ಬಿಟ್ಟಿರುತ್ತಾರೆ. ಅದನ್ನು 87ರಿಂದ ಭಾಗಿಸಿದರೆ ಅರ್ಧ ಮಿ.ಮೀ. ಕೂಡ ಆಗದು, ಮಾದರಿಯ ಗಾಲಿ ಇಳಿಯುವುದೇ ಇಲ್ಲ. ಒಂದೂವರೆ ಮಿ.ಮೀ.ಗೆ ಒಪ್ಪಿಕೊಂಡೆ. ಪಿಓಪಿ ಅರೆಬರೆ ಒಣಗಿದಾಗ ಕೆರೆಯಲು ಉಕ್ಕಿನ ಕೊಕ್ಕೆಯೊಂದು ಬೇಕಿತ್ತು. ಉದ್ಯಮಬಾಗಿನ ಕಾಕಾ ಒಬ್ಬರು ಹಳೇ ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರಿಗೆ ಹಿಡಿದು ಮಾಡಿಕೊಟ್ಟರು. "ಏನೋ ತಮ್ಮಾ ಇದು, ಹಲ್ಲು ಕೆರಕೊಳ್ಳೋ ಕಡ್ಡಿ ಏನು?" ಅಂದರು.

ಎರಡೂ ದಿಕ್ಕಿನ ಹಳಿಗೆ ಸೇರಿ ಏಳು ಮೀಟರ್ ಅಗಲ ಬೇಕು, ಅಂದರೆ ಮಾದರಿಯಲ್ಲಿ 8 ಸೆಂ.ಮೀ. ಆ ಪಟ್ಟಿಯನ್ನು ಕಾಲೇಜ್ ರಸ್ತೆಯ ಮೇಲೆ ಹಾಸಿದ ಕೂಡಲೇ ಅಂಟಿಸಲು ತಂದಿದ್ದ ಪುಟ್ಟ ಬೈಕುಗಳಿಗೆ ಪಾರ್ಕಿಂಗ್ ಜಾಗವೇ ಉಳಿಯಲಿಲ್ಲ. ಟ್ರಾಮಿನ ನಿಜವಾದ ಜಗಳ ಇದೇ, ಬೋಗಿಯ ಬೆಲೆಯದಲ್ಲ. ಫ್ರಾನ್ಸಿನ ನಾಂತ್ ನಗರ 1958ರಲ್ಲಿ ಟ್ರಾಮ್ ನಿಲ್ಲಿಸಿ 1985ರಲ್ಲಿ ಮತ್ತೆ ಓಡಿಸಿತು. ಅದೇ ದೇಶದ ಸ್ಟ್ರಾಸ್‌ಬರ್ಗ್‌ನಲ್ಲಂತೂ 1994ರಲ್ಲಿ ಟ್ರಾಮ್ ಬರುವ ಮೊದಲೇ ಕ್ಲೆಬೆರ್ ಚೌಕದಿಂದ ಕಾರುಗಳನ್ನು ಹೊರಗೆ ಕಳಿಸಿದ್ದರು. ನಮ್ಮಲ್ಲಿ ಹಾಗೆ ಕಳಿಸುವವರು ಯಾರು? ನಾನಂತೂ ಬೈಕುಗಳನ್ನು ಡಬ್ಬಿಗೆ ಹಾಕಿದೆ.

ಟ್ರಾಮಿಗೆ ಮೇಲಿನಿಂದ ಕರೆಂಟ್ ಕೊಡುವ ತಂತಿಯ ಪ್ರಶ್ನೆಗೆ ಗಣಪತಿ ಅಡ್ಡ ಬಂದ. ವಿಸರ್ಜನೆ ಮೆರವಣಿಗೆ ಬೋಗಾರವೇಸ್ ಹಾದು ಕಪಿಲೇಶ್ವರ ಹೊಂಡಕ್ಕೆ ಹೋಗುವುದು. ಮಂಡಳಿಯವರ ಎತ್ತರದ ಮೂರ್ತಿಗೆ ಟ್ರಾಮಿನ ತಂತಿ ತಗುಲದೆ ಇರುತ್ತದೆಯೇ? ಫ್ರಾನ್ಸಿನದೇ ಬೋರ್ಡೋದಲ್ಲಿ 2003ರಿಂದಲೇ ತಂತಿಯ ಬದಲು ಕರೆಂಟ್ ಕೊಡಲು ರಸ್ತೆಯೊಳಗೆ ಮೂರನೇ ಹಳಿ ಇದೆ. ಅದನ್ನು ತುಂಡುತುಂಡಾಗಿ ಜೋಡಿಸಿರುವುದರಿಂದ ಟ್ರಾಮ್ ಮೇಲೆ ನಿಂತ ತುಂಡಿಗಷ್ಟೇ ಕರೆಂಟ್ ಬರುತ್ತದೆ. ಅಲ್ಲಿನದೇ ಇನ್ನೊಂದು ಊರು ನೀಸ್‌ನದು ಇನ್ನೂ ಸರಳ: 2007ರಲ್ಲಿ ಶುರುವಾದ ಅಲ್ಲಿನ ಟ್ರಾಮ್ ಮಸೇನಾ ಚೌಕಕ್ಕೆ ಬಂದಾಗ ತಂತಿಯಿಂದ ಕರೆಂಟ್ ಹಿಡಿಯುವ ಛಾವಣಿಯ ತೋಳನ್ನು (ಪ್ಯಾಂಟೋಗ್ರಾಫ್) ಇಳಿಸಿ ಬ್ಯಾಟರಿ ಮೇಲೆ ದಾಟುತ್ತಿತ್ತು. ನಾನು ನೀಸ್ ದಾರಿ ಹಿಡಿದೆ. ಬೋಗಾರವೇಸಿನ ಆಚೆ ಈಚೆ ಕಂಬ, ನಡುವೆ ಬಯಲು.

ಮುಂದಿನದು ಬೋಗಿ. ಲೋ ಫ್ಲೋರ್ ಟ್ರಾಮಿನ ನೆಲ ಮಾದರಿಯಲ್ಲಿ ರಸ್ತೆಯಿಂದ ನಾಲ್ಕೇ ಮಿ.ಮೀ. ಮೇಲೆ, ಕೆಳಗೆ ಮೋಟಾರ್ ಹಿಡಿಯದು. ನಿಜದ ಟ್ರಾಮಿನಲ್ಲಿ ಯಂತ್ರದ ಬಹುಪಾಲು ಛಾವಣಿಗೆ ಹತ್ತಿಸಿರುತ್ತಾರೆ. ನಾನು ಮೋಟಾರನ್ನು ನಡುವಿನ ಬೋಗಿಯಲ್ಲಿಟ್ಟು ಆ ಕಿಟಕಿಗಳಿಗೆ ಜಾಹೀರಾತು ಅಂಟಿಸಲಿದ್ದೇನೆ. ಕುಂದಾದ ಜಾಹೀರಾತು, ಇನ್ನೇನು.